ಕಚ್ಚಾ ರಸ್ತೆ, ಕೆಸರು, ಬೀಚು: ಕಾರಿನ ಇನ್ಶೂರೆನ್ಸ್ ಎಲ್ಲಿಯವರೆಗೆ ಜೊತೆಗೆ ಬರುತ್ತದೆ?

ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಖಾಸಗಿ ಕಾರಿಗೆ ಮಾಡಿಸುವ ಪ್ಯಾಕೇಜ್ ಪಾಲಿಸಿಯನ್ನು ಜನ ಫುಲ್ ಇನ್ಶೂರೆನ್ಸ್ ಅನ್ನುತ್ತಾರೆ. ಡಾಂಬರಿಲ್ಲದ ರಸ್ತೆಗೆ ಹೋದರೆ ದುಡ್ಡು ಕೊಡುವುದಿಲ್ಲ ಎಂಬ ಸಾಲು ಅದರ ಮಾದರಿ ಪಾಲಿಸಿಯಲ್ಲಿ ಇಲ್ಲ. ಈ ಮಾದರಿ, ವಾಹನ ವಿಮೆಯ ನಿಯಮ, ದರಗಳ ಪುಸ್ತಕವಾದ 2002ರ ಇಂಡಿಯನ್ ಮೋಟರ್ ಟ್ಯಾರಿಫ್‌ನಲ್ಲಿ ಬಂದದ್ದು. ಕಂಪನಿಗಳ ಪಾಲಿಸಿಗಳಿಗೆ ಇವತ್ತಿಗೂ ಅದೇ ಬುನಾದಿ. ರಸ್ತೆ ಹೇಗಿರಬೇಕು ಎಂಬ ಮಾತೇ ಅದರಲ್ಲಿ ಬರುವುದಿಲ್ಲ. ಕಾರನ್ನು ಯಾವ ಕೆಲಸಕ್ಕೆ ಬಳಸುತ್ತಿದ್ದಿರಿ, ಏನು ಮುರಿಯಿತು, ಹೇಗೆ ಮುರಿಯಿತು, ಮುರಿದ ಮೇಲೆ ನೀವು ಏನು ಮಾಡಿದಿರಿ. ಕ್ಲೇಮ್ ನಿಲ್ಲುವುದೂ ಬೀಳುವುದೂ ಈ ನಾಲ್ಕು ಪ್ರಶ್ನೆಗಳ ಮೇಲೆ.

ಹಾಗಂತ ತಕ್ಷಣ ಖುಷಿಪಡಬೇಡಿ. ಕಲ್ಲು, ಕೆಸರು, ಮರಳಿನಲ್ಲಿ ಕಾರಿಗೆ ಆಗುವ ಪೆಟ್ಟುಗಳಲ್ಲಿ ಜಾಸ್ತಿ ಪಾಲು ಈ ಪ್ರಶ್ನೆಗಳಿಗೇ ಎಡವಿ ಬೀಳುತ್ತವೆ.

ಪುಣೆ, ಪಿಂಪ್ರಿ-ಚಿಂಚ್‌ವಡ್ ಕಡೆ ಇರುವ ನಮ್ಮ ಕನ್ನಡದವರಲ್ಲಿ ಎರಡು ಬಗೆಯವರಿಗೆ ಇದು ಬೇಕು. ಒಬ್ಬರು ಥಾರ್, ಜಿಮ್ನಿ ತಗೊಂಡು ಭಾನುವಾರ ಬಂತೆಂದರೆ ಮುಳಶಿ, ತಾಮ್ಹಿಣಿ, ರಾಜಮಾಚಿ ಅಂತ ಹೊರಡುವವರು. ಇನ್ನೊಬ್ಬರು ಆಫ್-ರೋಡ್ ಅನ್ನುವ ಪದವನ್ನೇ ಬಳಸದವರು. ಮನೆಮಂದಿಯನ್ನು ಕೂರಿಸಿಕೊಂಡು ಸೋಲಾಪುರದ ಮೇಲೆ ವಿಜಯಪುರಕ್ಕೆ ಹೊರಟಿರುತ್ತಾರೆ. ಮ್ಯಾಪ್ ಹೇಳಿದ ಶಾರ್ಟ್‌ಕಟ್ ಹಿಡಿದು ಕಬ್ಬಿನ ಗದ್ದೆಯ ಬಂಡಿ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ನನ್ನ ಪ್ರಕಾರ ಎರಡನೆಯವರಿಗೇ ಇದು ಜಾಸ್ತಿ ಬೇಕು. ಮೊದಲನೆಯವರು ಅಷ್ಟೋ ಇಷ್ಟೋ ತಯಾರಿ ಮಾಡಿಕೊಂಡಿರುತ್ತಾರೆ.

ಹಂತ 1: ಪಾಲಿಸಿಯ ಪಿಡಿಎಫ್ ತೆರೆಯಿರಿ

ಇಮೇಲ್‌ನಲ್ಲಿ ಬಂದಿರುವ ಮೊದಲ ಒಂದೆರಡು ಪುಟ ಬರೀ ಶೆಡ್ಯೂಲ್. ನಿಮ್ಮ ಹೆಸರು, ಗಾಡಿ ನಂಬರ್, ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆ), ಪ್ರೀಮಿಯಂ ಅಲ್ಲಿರುತ್ತವೆ. ನಿಜವಾದ ಕರಾರು ಇರುವುದು ಪಾಲಿಸಿ ವರ್ಡಿಂಗ್ ಎಂಬ ಬೇರೆ ಕಡತದಲ್ಲಿ. ಅದು ಬಂದಿಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ.

ಶೆಡ್ಯೂಲ್‌ನಲ್ಲಿ ಮೊದಲು ನೋಡಬೇಕಾದದ್ದು ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿ) ಭಾಗ ಜೀವಂತ ಇದೆಯಾ ಅಂತ. ಇಲ್ಲಿ ಬಹಳ ಜನ ಮೋಸಹೋಗುತ್ತಾರೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ (ಬೇರೆಯವರಿಗೆ ಆಗುವ ಹಾನಿಯ) ವಿಮೆ ಕಡ್ಡಾಯ. ಆದರೆ ನಿಮ್ಮ ಸ್ವಂತ ಕಾರಿನ ಹಾನಿಗೆ ಇರುವ ಭಾಗ ಸಾಮಾನ್ಯವಾಗಿ 1 ವರ್ಷದ್ದು. ಮೂರು ವರ್ಷಕ್ಕೆ ಇನ್ಶೂರೆನ್ಸ್ ಆಗಿದೆ ಬಿಡು ಎಂದು ಸುಮ್ನೆ ಕೂತವರ ಕಾರಿಗೆ ಎರಡನೇ ವರ್ಷ ಡಾಂಬರು ರಸ್ತೆಯಲ್ಲೂ ರಕ್ಷಣೆ ಇರುವುದಿಲ್ಲ.

ಆಮೇಲೆ ವರ್ಡಿಂಗ್‌ನಲ್ಲಿ ಮೂರು ಕಡೆ ಕಣ್ಣಾಡಿಸಿ. ಒಂದು, ಬಳಕೆಯ ಮಿತಿಗಳು. ಖಾಸಗಿ ಕಾರಿನ ಪಾಲಿಸಿ ಬಾಡಿಗೆಗೆ ಓಡಿಸುವುದು, ಸರಕು ಸಾಗಿಸುವುದು, ಸಂಘಟಿತ ರೇಸ್, ಪೇಸ್ ಮೇಕಿಂಗ್ (ರೇಸಿನಲ್ಲಿ ಮುಂದೆ ಓಡಿ ವೇಗ ಕಾಯುವುದು), ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ಗಾಡಿಯ ತಾಳಿಕೆಯ ಪರೀಕ್ಷೆ), ಮೋಟರ್ ವ್ಯಾಪಾರದ ಬಳಕೆ ಇವನ್ನು ಬಿಟ್ಟು ಬೇರೆ ಎಲ್ಲ ಬಳಕೆಗೂ ಅನ್ವಯಿಸುತ್ತದೆ. ನೀವು ಕುಟುಂಬದೊಂದಿಗೆ ಮಣ್ಣಿನ ರಸ್ತೆಯಲ್ಲಿ ಹೋದರೆ ಈ ಪಟ್ಟಿಯ ಯಾವುದಕ್ಕೂ ಸೇರುವುದಿಲ್ಲ.

ಎರಡನೆಯದು, ಓನ್ ಡ್ಯಾಮೇಜ್ ವಿಭಾಗದ ಹೊರತುಗಳು. ಸವೆತ, ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಿಕಲ್ ಬ್ರೇಕ್‌ಡೌನ್, ಒಂದು ಹಾನಿಯಿಂದ ಮುಂದೆ ಹುಟ್ಟುವ ಹಾನಿ, ಬರೀ ಟೈರಿನ ಹಾನಿ, ಕುಡಿದು ಓಡಿಸಿದಾಗ ಆದದ್ದು. ಮೂರನೆಯದು, ಕೊನೆಯಲ್ಲಿರುವ ಷರತ್ತುಗಳು. ಕಾರನ್ನು ಹಾನಿಯಿಂದ ಕಾಪಾಡಲು ಸೂಕ್ತ ಎಚ್ಚರ ವಹಿಸಬೇಕು, ಅಪಘಾತವಾದರೆ ತಕ್ಷಣ ತಿಳಿಸಬೇಕು, ಕೆಟ್ಟ ಕಾರನ್ನು ದಿಕ್ಕಿಲ್ಲದೆ ಬಿಟ್ಟು ಬರಬಾರದು, ರಿಪೇರಿ ಮಾಡದೆ ಓಡಿಸಿದರೆ ಹೆಚ್ಚಾದ ಹಾನಿಗೆ ನೀವೇ ಹೊಣೆ. ಆಫ್-ರೋಡ್ ಕ್ಲೇಮ್‌ಗಳ ಜಗಳ ಹೆಚ್ಚಾಗಿ ಹುಟ್ಟುವುದು ಈ ಕೊನೆಯ ಪುಟದಲ್ಲಿ.

ಮಾದರಿಯಲ್ಲಿ ಇಲ್ಲದ್ದನ್ನು ಹೆಚ್ಚು ದುಡ್ಡು ಕಟ್ಟಿ ತೆಗೆದುಕೊಳ್ಳುವ ಆಡ್-ಆನ್‌ಗಳಲ್ಲೋ ಹೊಸ ಬಗೆಯ ಪಾಲಿಸಿಗಳಲ್ಲೋ ಸೇರಿಸಿರಬಹುದು. ಪಿಡಿಎಫ್‌ನಲ್ಲಿ ಆಫ್-ರೋಡ್, ರ್‍ಯಾಲಿ, ನೀರು ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹುಡುಕಿ. ಐದು ನಿಮಿಷದ ಕೆಲಸ.

ಹಂತ 2: ಹೋಗುವ ಜಾಗ ಯಾವ ಬಗೆಯದು ಅಂತ ತೀರ್ಮಾನಿಸಿ

ಲೋಣಾವಳಾದ ತುಂಗಾರ್ಲಿ ಅಣೆಕಟ್ಟಿನ ಕಡೆಯಿಂದ ರಾಜಮಾಚಿಯ ಉಧೇವಾಡಿಗೆ ಹೋಗುವ ದಾರಿ ಎಷ್ಟೋ ವರ್ಷ ಬರೀ ಕಲ್ಲು-ಮಣ್ಣಿನದಾಗಿತ್ತು. ಮಳೆಗಾಲದಲ್ಲಿ ಸಣ್ಣ ಕಾರಿನವರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಆದರೂ ಅದು ಊರಿನ ದಾರಿ. ಇಂಥ ಕಡೆ ಕಾರು ಜಾರಿ ಬಂಡೆಗೆ ಬಡಿದರೆ, ಗುಂಡಿಗೆ ಇಳಿದು ಬಂಪರ್ ಕಿತ್ತುಬಂದರೆ, ಅದು ಪಾಲಿಸಿ ಹೇಳುವ ಹೊರಗಿನ ಕಾರಣದಿಂದಾದ ಅಪಘಾತ. ಕ್ಲೇಮ್ ಸಲ್ಲುತ್ತದೆ. ತಾಮ್ಹಿಣಿಯಲ್ಲೋ ವರಂಧಾ ಘಾಟಿನಲ್ಲೋ ಮಳೆಗಾಲದಲ್ಲಿ ಗುಡ್ಡ ಕುಸಿದು ಕಲ್ಲು ಬಿದ್ದರೂ ಅಷ್ಟೇ. ಭೂಕುಸಿತ, ಬಂಡೆ ಉರುಳುವುದು, ನೆರೆ, ಬಿರುಗಾಳಿ ಎಲ್ಲ ಪಾಲಿಸಿಯಲ್ಲೇ ಹೆಸರಿಸಿರುವ ಅಪಾಯಗಳು.

ಗೆಳೆಯರ ಹೊಲ, ಫಾರ್ಮ್‌ಹೌಸ್, ಖಾಸಗಿ ಗುಡ್ಡ ಇನ್ನೊಂದು ಬಗೆ. ನಿಮ್ಮ ಕಾರಿನ ಹಾನಿಗೆ ಇಲ್ಲಿ ಹೊಸ ತೊಡಕಿಲ್ಲ. ತೊಡಕು ಬರುವುದು ಬೇರೆಯವರಿಗೆ ಪೆಟ್ಟಾದಾಗ. 1988ರ ಮೋಟರ್ ವಾಹನ ಕಾಯಿದೆ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿರುವುದು ಸಾರ್ವಜನಿಕ ಸ್ಥಳದಲ್ಲಿ ವಾಹನ ಬಳಸುವುದಕ್ಕೆ. ಸಾರ್ವಜನಿಕ ಸ್ಥಳ ಅಂದರೆ ಜನರಿಗೆ ಹೋಗಿ ಬರುವ ಹಕ್ಕಿರುವ ರಸ್ತೆ, ದಾರಿ ಅಥವಾ ಬೇರೆ ಜಾಗ. ಅದು ಮಣ್ಣಿನದೋ ಸಿಮೆಂಟಿನದೋ ಕಾಯಿದೆ ಕೇಳುವುದಿಲ್ಲ. ಬೇಲಿ ಹಾಕಿದ ಖಾಸಗಿ ಜಮೀನಿನಲ್ಲಿ ಯಾರಿಗಾದರೂ ಗಾಯವಾದರೆ ಇದು ಸಾರ್ವಜನಿಕ ಸ್ಥಳವೇ ಅಲ್ಲ ಎಂಬ ವಾದ ಕಂಪನಿಯಿಂದ ಬರಬಹುದು. ಪ್ಯಾಕೇಜ್ ಪಾಲಿಸಿಯ ಹೊಣೆಗಾರಿಕೆ ಭಾಗದ ಮಾತು ಇದಕ್ಕಿಂತ ಅಗಲ. ಬರೀ ಥರ್ಡ್ ಪಾರ್ಟಿ ಇಟ್ಟುಕೊಂಡು ಹೊಲದಲ್ಲಿ ಗೆಳೆಯರ ನಡುವೆ ಗಾಡಿ ಹಾರಿಸುವವರು ಇದನ್ನು ಯೋಚಿಸಲೇಬೇಕು.

ಕಾಡಿನ ವಿಷಯ ಚಿಕ್ಕದು: ಹೋಗಬೇಡಿ. ಭೀಮಾಶಂಕರದಂಥ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾರು ಇಳಿಸಿದರೆ 1972ರ ವನ್ಯಜೀವಿ ಕಾಯಿದೆಯ ಕೇಸು ಮೊದಲು, ಇನ್ಶೂರೆನ್ಸ್ ಆಮೇಲೆ. ಗೋವಾದ ದೂಧಸಾಗರಕ್ಕೂ ಕುಳೆಂನಿಂದ ಒಳಗೆ ಹೋಗುವುದು ಪರವಾನಗಿ ಇರುವ ಜೀಪುಗಳೇ. ನಿಮ್ಮ ಫೋರ್ ಬೈ ಫೋರ್ ಎಷ್ಟೇ ಗಟ್ಟಿ ಇರಲಿ, ಅದು ಹೊರಗೇ.

ಬೀಚಿನ ಹುಚ್ಚಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಗೋವಾದಲ್ಲಿ ಬೀಚಿನ ಮೇಲೆ ಗಾಡಿ ಓಡಿಸುವುದು ನಿಷಿದ್ಧ. ಮೋರ್ಜಿಂ, ಅಂಜುನಾ ಕಡೆ ಪೊಲೀಸರು ಕೇಸು ಹಾಕುವ ಸುದ್ದಿ ಬರುತ್ತಲೇ ಇರುತ್ತದೆ. ಅಲೀಬಾಗ್ ಕಡೆಯ ಬೀಚುಗಳಲ್ಲೂ ಪ್ರತಿ ರಜೆಗೆ ಯಾವುದೋ ಕಾರು ಮರಳಿನಲ್ಲಿ ಹೂತುಕೊಂಡಿರುತ್ತದೆ. 2024ರ ಕೊನೆಯಲ್ಲಿ ರೇವದಂಡಾದಲ್ಲಿ ಫೆರಾರಿಯೊಂದನ್ನು ಎತ್ತಿನ ಗಾಡಿ ಕಟ್ಟಿ ಎಳೆದ ವಿಡಿಯೋ ನೀವೂ ನೋಡಿರುತ್ತೀರಿ. ನಕ್ಕಿದ್ದಾಯಿತು, ಈಗ ಲೆಕ್ಕ ನೋಡಿ. ಮರಳಿನಲ್ಲಿ ಹೂತದ್ದು ಅಪಘಾತವಲ್ಲ, ಹಾಗಾಗಿ ಎಳೆಸಿದ ಖರ್ಚು ನಿಮ್ಮದು. ಹೊರಬರಲು ಆಕ್ಸಿಲರೇಟರ್ ಒತ್ತಿ ಒತ್ತಿ ಸುಟ್ಟ ಕ್ಲಚ್ಚನ್ನು ಸವೆತ, ಬ್ರೇಕ್‌ಡೌನ್ ಲೆಕ್ಕಕ್ಕೆ ಹಾಕುತ್ತಾರೆ. ಅದೂ ನಿಮ್ಮದು. ಉಬ್ಬರ ಬಂದು ಉಪ್ಪುನೀರು ಒಳಗೆ ನುಗ್ಗಿದರೆ, ನಿಷೇಧವಿದ್ದ ಜಾಗಕ್ಕೆ ಗೊತ್ತಿದ್ದೂ ಇಳಿಸಿದಿರಿ, ಸೂಕ್ತ ಎಚ್ಚರ ವಹಿಸಲಿಲ್ಲ ಎಂಬ ಷರತ್ತು ಎದುರಿಗೆ ಬರುತ್ತದೆ. ಅಂಥ ಕ್ಲೇಮ್ ಪೂರ್ತಿ ಸತ್ತಿತು ಅಂತ ಹೇಳಲಾಗದು. ಆದರೆ ಜಗಳವಿಲ್ಲದೆ ದುಡ್ಡು ಬರುವ ಆಸೆ ಬಿಡಿ.

ಕೊನೆಯ ಬಗೆ, ಆಫ್-ರೋಡ್ ಈವೆಂಟ್. ಹಣ ಕಟ್ಟಿ ಹೆಸರು ನೋಂದಾಯಿಸಿ, ಸಮಯ ಅಳೆದು, ಅಂಕ ಕೊಟ್ಟು ನಡೆಸುವಂಥದ್ದಾದರೆ ಅದು ರೇಸ್ ಅಥವಾ ಟ್ರಯಲ್ ಆಗಿಬಿಡುತ್ತದೆ. ಸಾಮಾನ್ಯ ಪಾಲಿಸಿ ಅಲ್ಲಿಗೆ ಬರುವುದಿಲ್ಲ. ಹಳೆಯ ಟ್ಯಾರಿಫ್‌ನಲ್ಲಿ ರಿಲಯಬಿಲಿಟಿ ಟ್ರಯಲ್ ಮತ್ತು ರ್‍ಯಾಲಿಗಾಗಿಯೇ ಐಎಂಟಿ 31 ಎಂಬ ಸೇರ್ಪಡೆ ಷರತ್ತು, ಅಂದರೆ ಎಂಡಾರ್ಸ್‌ಮೆಂಟ್ ಇದೆ. ಹೆಚ್ಚಿನ ಪ್ರೀಮಿಯಂ ಕಟ್ಟಿ, ಈವೆಂಟಿಗೆ ಮೊದಲೇ ಹಾಕಿಸಿಕೊಳ್ಳಬೇಕು. ಸಂಘಟಕರನ್ನು ಒಂದೇ ಮಾತು ಕೇಳಿ: ಭಾಗವಹಿಸುವ ಗಾಡಿಗಳಿಗೆ ನೀವು ವಿಮೆ ಮಾಡಿಸಿದ್ದೀರಾ, ಪ್ರತಿ ಕೊಡಿ. ಅವರು ನಿಮ್ಮಿಂದ ಸಹಿ ಹಾಕಿಸಿಕೊಳ್ಳುವ ಕಾಗದ ಅವರನ್ನು ಕಾಪಾಡುವುದಕ್ಕೆ. ನಿಮ್ಮ ಕಾರಿಗೂ ಅದಕ್ಕೂ ಸಂಬಂಧವಿಲ್ಲ. ನಾಲ್ಕು ಜನ ಗೆಳೆಯರು ಸುಮ್ನೆ ಒಟ್ಟಿಗೆ ಹೊರಟರೆ ಅದು ಈವೆಂಟ್ ಅಲ್ಲ. ಆದರೆ ಅದಕ್ಕೆ ಚಾಲೆಂಜ್, ಟ್ರೋಫಿ ಅಂತೆಲ್ಲ ಹೆಸರಿಟ್ಟು ಪೋಸ್ಟರ್ ಹಾಕುವ ಚಪಲ ಬೇಡ.

ಬಾಡಿಗೆ ಕಾರಿನ ಮಾತು

ಗೋವಾಕ್ಕೆ ಹೋಗಿ ಸೆಲ್ಫ್ ಡ್ರೈವ್ ತಗೊಳ್ಳುವವರು ನಂಬರ್ ಪ್ಲೇಟ್ ನೋಡಿ. ಸೆಲ್ಫ್ ಡ್ರೈವ್ ಬಾಡಿಗೆ ಪರವಾನಗಿಯ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತದೆ. ಬಿಳಿ ಪ್ಲೇಟಿನ ಕಾರನ್ನು ಪರಿಚಯದವರು ದಿನಕ್ಕಿಷ್ಟು ಅಂತ ಕೊಟ್ಟರೆ ಅದು ಖಾಸಗಿ ಕಾರನ್ನು ಬಾಡಿಗೆಗೆ ಬಿಟ್ಟ ಹಾಗೆ. ಪಾಲಿಸಿ ಒಪ್ಪದ ಬಳಕೆ. 2010ರಲ್ಲಿ ಇಂಥದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕ್ಲೇಮನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ನಾನ್-ಸ್ಟ್ಯಾಂಡರ್ಡ್ (ಷರತ್ತು ಮುರಿದಿದ್ದರಿಂದ ಕಡಿತ ಮಾಡುವ) ಆಧಾರದ ಮೇಲೆ ಒಂದು ಪಾಲು ಕೊಡಬೇಕು ಎಂದಿತು. ಆ ಪಾಲು ಸಿಕ್ಕರೂ ಕಾರಿನ ಮಾಲೀಕರಿಗೆ. ಮಿಕ್ಕದ್ದನ್ನು ಅವರು ನಿಮ್ಮಿಂದಲೇ ಕೇಳುತ್ತಾರೆ. ಪರವಾನಗಿ ಇರುವ ಬಾಡಿಗೆ ಕಾರಾದರೂ ಕರಾರಿನಲ್ಲಿ ಬೀಚು, ಆಫ್-ರೋಡ್ ಬೇಡ ಎಂಬ ಸಾಲು ಸಾಮಾನ್ಯ. ಅದನ್ನು ಮುರಿದರೆ ಡೆಪಾಸಿಟ್ ಮರೆತುಬಿಡಿ.

ಹಂತ 3: ಏನು ಮುರಿದರೆ ಏನು ಸಿಗುತ್ತದೆ

ಪೂರ್ತಿ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವ ಪುರುಸೊತ್ತಿದ್ದರೆ ಇದನ್ನು ಓದಿ.

ಕಾರಿನ ತಳಕ್ಕೆ ಕಲ್ಲು ಬಡಿಯುವುದು ಕಚ್ಚಾ ರಸ್ತೆಯ ದೊಡ್ಡ ಶತ್ರು. ಮೆಕ್ಯಾನಿಕ್‌ಗಳು ಚೇಂಬರ್ ಒಡೆದಿದೆ ಅನ್ನುತ್ತಾರಲ್ಲ, ಎಂಜಿನ್ನಿನ ಅಡಿಯಲ್ಲಿ ಆಯಿಲ್ ಇರುವ ಆ ಬಟ್ಟಲು. ಕಲ್ಲು ಬಡಿದು ಚೇಂಬರ್ ಒಡೆದರೆ ಅದು ಅಪಘಾತವೇ. ಚೇಂಬರ್, ಗ್ಯಾಸ್ಕೆಟ್, ಕೂಲಿ ಕ್ಲೇಮಿನಲ್ಲಿ ಬರುತ್ತದೆ. ನೀವು ಅದನ್ನು ಗಮನಿಸದೆ, ಅಥವಾ ಗಮನಿಸಿಯೂ ಮುಂದಿನ ಊರಿನವರೆಗೆ ಹೋಗೋಣ ಅಂತ ಓಡಿಸಿದಿರಿ ಅನ್ನಿ. ಆಯಿಲ್ ಎಲ್ಲ ಸೋರಿ ಎಂಜಿನ್ ಸೀಝ್ ಆಯಿತು. ಈಗ ಚೇಂಬರಿಗೆ ದುಡ್ಡು ಬರುತ್ತದೆ, ಎಂಜಿನ್ನಿಗೆ ಬರುವುದಿಲ್ಲ. ಮುಂದೆ ಹುಟ್ಟಿದ ಹಾನಿ ಎಂಬ ಹೊರತು ಇಲ್ಲಿ ಕೆಲಸ ಮಾಡುತ್ತದೆ. ಕೆಲವು ಸಾವಿರದ ಕ್ಲೇಮ್ ಲಕ್ಷಗಟ್ಟಲೆ ನಷ್ಟವಾಗಲು ಕೆಲವೇ ಕಿಲೋಮೀಟರ್ ಸಾಕು. ತಳಕ್ಕೆ ಜೋರಾಗಿ ಬಡಿದ ಸದ್ದು ಬಂದರೆ ನಿಲ್ಲಿಸಿ, ಇಳಿದು, ಬಗ್ಗಿ ನೋಡಿ. ಆಯಿಲ್ ದೀಪ ಹತ್ತಿದರೆ ಎಂಜಿನ್ ಆರಿಸಿ. ಚರ್ಚೆ ಆಮೇಲೆ.

ನೀರಿನದೂ ಇದೇ ಕಥೆ. ಹಳ್ಳ ದಾಟುವಾಗ ಗಾಳಿ ಎಳೆಯುವ ಕೊಳವೆಯಿಂದ ನೀರು ಎಂಜಿನ್ನಿಗೆ ಹೋದರೆ ಪಿಸ್ಟನ್ ಅದನ್ನು ಅದುಮಲಾರದು. ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿಲ್ಲಿಸಿದ್ದ ಕಾರಿಗೆ ನೆರೆ ನುಗ್ಗಿದರೆ ಅದು ಪಾಲಿಸಿಯ ಅಪಾಯಗಳಲ್ಲಿ ಒಂದು. ಪುಣೆಯಲ್ಲಿ ಖಡಕವಾಸಲಾದಿಂದ ನೀರು ಬಿಟ್ಟಾಗ ಮುಠಾ ನದಿಪಾತ್ರದಲ್ಲಿ ನಿಲ್ಲಿಸಿದ್ದ ಗಾಡಿಗಳು ಮುಳುಗುವುದು ನಮಗೇನು ಹೊಸದಲ್ಲ. ಅದೇ ನೀರಿಗೆ ನೀವೇ ಕಾರು ಇಳಿಸಿ, ಆಫ್ ಆದ ಮೇಲೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ನೋಡಿದರೆ ಎಂಜಿನ್ ಭಾಗ ಹೊರಗುಳಿಯುತ್ತದೆ. ನೀರಿನಲ್ಲಿ ನಿಂತ ಕಾರಿನ ಬಟನ್ ಒತ್ತಬೇಡಿ, ಕೀಲಿ ತಿರುಗಿಸಬೇಡಿ. ತಳ್ಳಿಸಿ, ಎಳೆಸಿ, ಗ್ಯಾರೇಜಿಗೆ ಸಾಗಿಸಿ.

ಟೈರು ಹರಿದರೆ? ಬರೀ ಟೈರು ಹರಿದರೆ ಏನೂ ಇಲ್ಲ. ಅದೇ ಪೆಟ್ಟಿನಲ್ಲಿ ಕಾರಿಗೂ ಹಾನಿಯಾಗಿದ್ದರೆ ಟೈರಿನ ಬೆಲೆಯಲ್ಲಿ 50 ಪ್ರತಿಶತ. ಸಸ್ಪೆನ್ಶನ್, ಬುಷ್, ಲಿಂಕ್ ರಾಡುಗಳಲ್ಲಿ ಸರ್ವೇಯರ್ (ಹಾನಿ ಅಳೆಯಲು ಬರುವವರು) ನೋಡುವುದು ಹೊಸ ಮುರಿತವೋ ಹಳೆಯ ಸವೆತವೋ ಅಂತ. ಲೋಯರ್ ಆರ್ಮ್ ಬಾಗಿದ್ದರೆ, ಪಕ್ಕದಲ್ಲಿ ಕಲ್ಲು ಉಜ್ಜಿದ ತಾಜಾ ಗುರುತಿದ್ದರೆ ಒಪ್ಪುತ್ತಾರೆ. ಬುಷ್ ಸದ್ದು ಮಾಡುತ್ತಿದೆ ಅಂದರೆ ನಗುತ್ತಾರೆ.

ಟೋಯಿಂಗ್‌ಗೆ ಮಾದರಿ ಪಾಲಿಸಿ ಕೊಡುವುದು ಒಂದು ಅಪಘಾತಕ್ಕೆ 1,500 ರೂ. ಮಾತ್ರ, ಅದೂ ಹತ್ತಿರದ ರಿಪೇರಿ ಜಾಗದವರೆಗೆ. ಕಂದಕದಿಂದ ಕ್ರೇನ್ ಹಾಕಿ ಎತ್ತುವುದಕ್ಕೆ ಈ ದುಡ್ಡು ಯಾವ ಮೂಲೆಗೂ ಸಾಲದು.

ಹಂತ 4: ಯಾವ ಆಡ್-ಆನ್ ಬೇಕು, ಯಾವುದು ಬೇಡ

ನನ್ನ ಲೆಕ್ಕದಲ್ಲಿ ಕಚ್ಚಾ ರಸ್ತೆಗೆ ಹೋಗುವವರಿಗೆ ಎಂಜಿನ್ ಪ್ರೊಟೆಕ್ಟ್ ಮೊದಲು, ಝೀರೋ ಡೆಪ್ (ಬಿಡಿಭಾಗದ ಬೆಲೆಯಲ್ಲಿ ಸವಕಳಿ ಕಡಿತ ಮಾಡದಿರುವ ಆಡ್-ಆನ್) ಆಮೇಲೆ. ಎಂಜಿನ್ ಪ್ರೊಟೆಕ್ಟ್ ಇದ್ದರೆ ನೀರು ಹೊಕ್ಕದ್ದು, ಆಯಿಲ್ ಸೋರಿ ಒಳಭಾಗ ಹಾಳಾದದ್ದು ಬರುತ್ತದೆ. ಆದರೂ ಗೊತ್ತಿದ್ದೂ ಓಡಿಸಿದರೆ ಅಲ್ಲೂ ತಕರಾರು ತೆಗೆಯುತ್ತಾರೆ, ಅದರ ಷರತ್ತನ್ನು ಪ್ರತ್ಯೇಕವಾಗಿ ಓದಿ.

ಝೀರೋ ಡೆಪ್ ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಏರ್‌ಬ್ಯಾಗ್‌ಗಳಿಗೆ 50 ಪ್ರತಿಶತ ಕಡಿತ, ಫೈಬರ್ ಗ್ಲಾಸಿಗೆ 30. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸು ನೋಡಿ: 6 ತಿಂಗಳವರೆಗೆ ಸೊನ್ನೆ, 1 ವರ್ಷದವರೆಗೆ 5, 2 ವರ್ಷದವರೆಗೆ 10, 3 ವರ್ಷದವರೆಗೆ 15, ಹೀಗೆ ಏರುತ್ತಾ ಹೋಗುತ್ತದೆ. ಕಚ್ಚಾ ರಸ್ತೆಯಲ್ಲಿ ಒಡೆಯುವುದು ಬಹುತೇಕ ಬಂಪರ್, ಅಡಿಯ ಕವರ್, ಫೆಂಡರ್ ಲೈನರ್. ಎಲ್ಲವೂ ಪ್ಲಾಸ್ಟಿಕ್.

ರೋಡ್‌ಸೈಡ್ ಅಸಿಸ್ಟೆನ್ಸ್ ಬಗ್ಗೆ ಜಾಸ್ತಿ ನಂಬಿಕೆ ಬೇಡ. ಹೆಸರಲ್ಲೇ ರೋಡ್ ಇದೆ. ಅವರ ಗಾಡಿ ಬರಬಲ್ಲ ರಸ್ತೆಯವರೆಗೆ ಬರುತ್ತಾರೆ. ಕೆಸರಿನಿಂದ ರಸ್ತೆಗೆ ತರುವುದು ನಿಮ್ಮ ಕೆಲಸ, ಅಥವಾ ಟ್ರ್ಯಾಕ್ಟರ್ ಇರುವ ಊರಿನವರ ಕೃಪೆ. ನಗದು ಇಟ್ಟುಕೊಂಡಿರಿ. ಘಾಟಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲದೆ ಯುಪಿಐ ಕೈಕೊಡುತ್ತದೆ.

ಹಂತ 5: ಗಾಡಿಗೆ ಏನಾದರೂ ಹಾಕಿಸಿದ್ದೀರಾ?

ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ದಪ್ಪ ಟೈರು, ಮೇಲಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆ, ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್, ಕಬ್ಬಿಣದ ಬಂಪರ್. ಆಫ್-ರೋಡ್ ಕ್ಲೇಮ್ ತಿರಸ್ಕಾರಕ್ಕೆ ಇದಕ್ಕಿಂತ ಸುಲಭದ ನೆಪ ಇನ್ನೊಂದಿಲ್ಲ. ಮೋಟರ್ ವಾಹನ ಕಾಯಿದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಮುಂದೆ ಹಾಕಿಸುವ ಬುಲ್ ಗಾರ್ಡುಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ.

ಕಂಪನಿಯದೇ ಅಧಿಕೃತ ಬಿಡಿಭಾಗ ಹಾಕಿಸಿದ್ದರೂ ಬಿಲ್ಲಿನ ಪ್ರತಿ ಕಳಿಸಿ ಪಾಲಿಸಿಗೆ ಸೇರಿಸಿ. ಹೇಳದೆ ಹಾಕಿಸಿದ ಸಾಮಾನಿಗೆ ದುಡ್ಡು ಬರುವುದಿಲ್ಲ. ಅಷ್ಟೇ ಆದರೆ ಪರವಾಗಿಲ್ಲ, ಲಿಫ್ಟ್ ಮಾಡಿದ್ದರಿಂದಲೇ ಗಾಡಿ ಪಲ್ಟಿ ಹೊಡೆಯಿತು ಎಂಬ ವಾದಕ್ಕೂ ದಾರಿಯಾಗುತ್ತದೆ.

ಇಲ್ಲೇ ಇನ್ನೊಂದು ಮಾತು, ನಮ್ಮವರಿಗೆ ಮಾತ್ರ. ಕೆಎ ನಂಬರಿನ ಕಾರು ತಂದು ಪುಣೆಯಲ್ಲಿ ವರ್ಷಗಟ್ಟಲೆ ಓಡಿಸುವವರು ಬಹಳ. 12 ತಿಂಗಳು ಮೀರಿದರೆ ಇಲ್ಲಿ ಮರುನೋಂದಣಿ ಮಾಡಿಸಬೇಕು. ವಿಮೆಯಲ್ಲೂ ಇದರ ಲೆಕ್ಕ ಬರುತ್ತದೆ. ಟ್ಯಾರಿಫ್ ಪ್ರಕಾರ ಖಾಸಗಿ ಕಾರಿಗೆ ಪ್ರೀಮಿಯಂ ಲೆಕ್ಕಕ್ಕೆ ಎರಡು ವಲಯ. ಪುಣೆ, ಬೆಂಗಳೂರು, ಮುಂಬಯಿ ಸೇರಿ ಎಂಟು ದೊಡ್ಡ ನಗರಗಳು ಎ ವಲಯ, ಉಳಿದ ದೇಶವೆಲ್ಲ ಬಿ. ಬೆಂಗಳೂರಿನ ಕಾರು ತಂದರೆ ವಲಯ ಬದಲಾಗದು. ಬೆಳಗಾವಿಯ ಕೆಎ 22, ವಿಜಯಪುರದ ಕೆಎ 28 ಹೋಗಿ ಪುಣೆಯ ಎಂಎಚ್ 12 ಆದಾಗ ಬಿ ಹೋಗಿ ಎ ಆಗುತ್ತದೆ. ಮರುನೋಂದಣಿ ಆದ ಕೂಡಲೇ ಹೊಸ ನಂಬರು, ವಿಳಾಸ ಎರಡನ್ನೂ ವಿಮೆಯಲ್ಲಿ ತಿದ್ದಿಸಿ.

ಹಂತ 6: ಕಂಪನಿಯಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ

ಕಾಲ್ ಸೆಂಟರಿಗೆ ಫೋನ್ ಮಾಡಿ ಆಫ್-ರೋಡ್ ಕವರ್ ಇದೆಯಾ ಅಂತ ಕೇಳಿದರೆ ಇಲ್ಲ ಸರ್ ಅಂತಲೇ ಹೇಳುತ್ತಾರೆ. ಅವರ ತಪ್ಪಲ್ಲ, ಪ್ರಶ್ನೆಯೇ ಸರಿಯಿಲ್ಲ. ಇಮೇಲ್ ಬರೆಯಿರಿ. ಈ ಧಾಟಿಯಲ್ಲಿ:

"ನನ್ನ ಪಾಲಿಸಿ ನಂಬರ್ ಇದು. ನಾನು ಈ ಕಾರನ್ನು ಸ್ವಂತ ಓಡಾಟಕ್ಕೆ, ಯಾವುದೇ ಸ್ಪರ್ಧೆ ಇಲ್ಲದೆ, ಸಾರ್ವಜನಿಕರು ಬಳಸುವ ಡಾಂಬರಿಲ್ಲದ ಹಳ್ಳಿ ರಸ್ತೆಗಳಲ್ಲಿ ಓಡಿಸುವುದುಂಟು. ಅಲ್ಲಿ ಅಪಘಾತವಾದರೆ ಓನ್ ಡ್ಯಾಮೇಜ್ ಮತ್ತು ಥರ್ಡ್ ಪಾರ್ಟಿ ಎರಡೂ ಅನ್ವಯಿಸುತ್ತವೆಯೇ? ಇಲ್ಲವಾದರೆ ಪಾಲಿಸಿಯ ಯಾವ ಕಲಂ ಪ್ರಕಾರ ಎಂದು ತಿಳಿಸಿ."

ಕೊನೆಯ ಸಾಲು ಮುಖ್ಯ. ಕಲಂ ಕೇಳಿದಾಗ ಉತ್ತರ ಬರೆಯುವವರು ಪುಸ್ತಕ ತೆಗೆದು ನೋಡಲೇಬೇಕಾಗುತ್ತದೆ. ಇಂಗ್ಲಿಷಿನಲ್ಲೇ ಕಳಿಸಿ, ಉತ್ತರವನ್ನು ಪಾಲಿಸಿಯ ಜೊತೆಗೇ ಇಡಿ. ಏಜೆಂಟ್ ಅಣ್ಣ ಎಲ್ಲ ಕವರ್ ಆಗುತ್ತೆ ಬಿಡಿ ಅಂದದ್ದು ಕ್ಲೇಮಿನ ದಿನ ಎಣಿಕೆಗೆ ಬರುವುದಿಲ್ಲ.

ಹಂತ 7: ಅಪಘಾತವಾದ ಹೊತ್ತಿನಲ್ಲಿ

ಜನರಿಗೆ ಪೆಟ್ಟಾಗಿದ್ದರೆ 112, ಆಸ್ಪತ್ರೆ, ಪೊಲೀಸ್. ಬೇರೆ ಯೋಚನೆ ಬೇಡ. ಬರೀ ಕಾರಿಗೆ ಆಗಿದ್ದರೆ, ಎಳೆಸುವ ಮೊದಲು ಫೋಟೋ ತೆಗೆಯಿರಿ. ಕಾರು ನಿಂತ ಭಂಗಿ, ಚಕ್ರದ ಗುರುತು, ಬಡಿದ ಕಲ್ಲು, ಹಿಂದಿನ ರಸ್ತೆ, ನಂಬರ್ ಪ್ಲೇಟ್ ಎಲ್ಲ ಬರಲಿ. ಲೊಕೇಶನ್ ಆನ್ ಇರಲಿ. ಹಳ್ಳಿಯ ಹೆಸರಿನ ಫಲಕ ಹತ್ತಿರ ಇದ್ದರೆ ಅದನ್ನೂ ತೆಗೆಯಿರಿ, ಇದು ಸಾರ್ವಜನಿಕ ದಾರಿ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ನೆಟ್‌ವರ್ಕ್ ಸಿಕ್ಕ ಕೂಡಲೇ ಕ್ಲೇಮ್ ದಾಖಲಿಸಿ. ಎಳೆಸುವಾಗ ಹಗ್ಗವನ್ನು ಟೋ ಹುಕ್ಕಿಗೆ ಕಟ್ಟಿ. ಬಂಪರ್ ಬೀಮಿಗೆ ಕಟ್ಟಿ ಎಳೆದು ಅದು ಕಿತ್ತುಬಂದರೆ ಅದು ಅಪಘಾತದ ಹಾನಿ ಅಂತ ನಂಬಿಸುವುದು ಕಷ್ಟ.

ರಾತ್ರಿ ಕಾರು ಬಿಟ್ಟು ಬರಲೇಬೇಕಾದರೆ ಊರಿನ ಒಬ್ಬರನ್ನು ಕಾವಲಿಗೆ ಇಡಿ. ದಿಕ್ಕಿಲ್ಲದೆ ಬಿಟ್ಟ ಕಾರಿನಿಂದ ಚಕ್ರ, ಸ್ಟೀರಿಯೋ ಹೋದರೆ ಷರತ್ತಿನ ಪುಟ ಮತ್ತೆ ತೆರೆಯುತ್ತದೆ.

ಹಂತ 8: ಕ್ಲೇಮ್ ಹಾಕುವ ಮೊದಲು ಒಂದು ಲೆಕ್ಕ

ಪ್ರತಿ ಪೆಟ್ಟಿಗೂ ಕ್ಲೇಮ್ ಹಾಕುವುದು ಜಾಣತನವಲ್ಲ. ಒಂದು ಉದಾಹರಣೆ ತಗೊಳ್ಳೋಣ. ಎರಡೂವರೆ ವರ್ಷದ, 1,500 ಸಿಸಿ ಮೀರಿದ ಕಾರು, ಝೀರೋ ಡೆಪ್ ಇಲ್ಲ. ಬಂಪರ್ 12,000, ಲೋಹದ ಆರ್ಮ್ 8,000, ಕೂಲಿ 7,000, ಒಟ್ಟು 27,000 ರೂ. ಬಂಪರಿಗೆ ಅರ್ಧ, ಅಂದರೆ 6,000. ಆರ್ಮಿಗೆ 15 ಪ್ರತಿಶತ ಕಳೆದು 6,800. ಕೂಲಿ 7,000. ಕೂಡಿದರೆ 19,800. ಕಡ್ಡಾಯ ಕಡಿತ 1,500 ಸಿಸಿಯವರೆಗೆ 1,000, ಮೇಲೆ 2,000. ಕೈಗೆ ಬರುವುದು 17,800.

ಈಗ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಹಾಕದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಅದು 20, 25, 35, 45, 50 ಪ್ರತಿಶತ ಹೀಗೆ ಏರುತ್ತದೆ, ಕ್ಲೇಮ್ ಹಾಕಿದರೆ ಸೊನ್ನೆಗೆ ಇಳಿಯುತ್ತದೆ. ಹಳೆಯ ಕಾರಿನಿಂದ ಬಂದ ಬೋನಸ್ಸೂ ಸೇರಿ ನೀವು 35ರಲ್ಲಿದ್ದು, ಬೋನಸ್ ಕಳೆಯುವ ಮೊದಲಿನ ಓನ್ ಡ್ಯಾಮೇಜ್ ಪ್ರೀಮಿಯಂ ಪ್ರತಿ ವರ್ಷ 12,000 ಅಂತಲೇ ಇಟ್ಟುಕೊಳ್ಳಿ. ಮುಂದಿನ ವರ್ಷ 45 ಸಿಗಬೇಕಿತ್ತು, ಹೋಯಿತು 5,400. ಅದರ ಮುಂದಿನ ವರ್ಷ 50ರ ಬದಲು 20, ಹೋಯಿತು 3,600. ಮೂರನೇ ವರ್ಷ 50ರ ಬದಲು 25, ಮತ್ತೆ 3,000. ಮೂರು ವರ್ಷಕ್ಕೆ 12,000. ಆಮೇಲಿನ ಎರಡು ವರ್ಷ ಇನ್ನೊಂದು 2,400. ಅಂದರೆ 17,800ರ ಕ್ಲೇಮಿನಲ್ಲಿ ನಿಮಗೆ ನಿಜವಾಗಿ ಉಳಿದದ್ದು 3,400. ಎನ್‌ಸಿಬಿ ಪ್ರೊಟೆಕ್ಟ್ (ಈ ಬೋನಸ್ ಉಳಿಸುವ ಆಡ್-ಆನ್) ಇದ್ದರೆ ಲೆಕ್ಕ ಬೇರೆ. ಇಲ್ಲದಿದ್ದರೆ ಸಣ್ಣ ಬಿಲ್ಲನ್ನು ಕೈಯಿಂದ ಕಟ್ಟಿಬಿಡುವುದೇ ವಾಸಿ, ದೊಡ್ಡದಕ್ಕೆ ಪಾಲಿಸಿ ಉಳಿಸಿಕೊಳ್ಳಿ.

ಹಾಕುವುದಾದರೆ ಫಾರ್ಮಿನಲ್ಲಿ ನಡೆದದ್ದನ್ನೇ ಬರೆಯಿರಿ. ನಾಯಿ ಅಡ್ಡ ಬಂತು, ಹೈವೇಯಲ್ಲಿ ಡಿವೈಡರಿಗೆ ಬಡಿಯಿತು ಅಂತ ಬರೆಸುವ ಸಲಹೆ ಗ್ಯಾರೇಜಿನಲ್ಲೇ ಸಿಗುತ್ತದೆ. ಚಾಸಿಯ ತುಂಬಾ ಕೆಂಪು ಕೆಸರು ಅಂಟಿರುವಾಗ ಡಿವೈಡರ್ ಕಥೆ ಯಾರು ನಂಬುತ್ತಾರೆ? ನಿಜ ಹೇಳಿದ್ದರೆ ಸಿಗುತ್ತಿದ್ದ ದುಡ್ಡು ಸುಳ್ಳಿನಿಂದಾಗಿ ಹೋಗುತ್ತದೆ. ರಸ್ತೆಯನ್ನು ಬಣ್ಣಿಸಲು ಆಫ್-ರೋಡಿಂಗ್ ಅನ್ನುವ ಪದ ಬೇಕಿಲ್ಲ. ಇಂಥ ಊರಿನ ಮಣ್ಣಿನ ರಸ್ತೆ, ಇಷ್ಟು ಗಂಟೆ, ಎಡ ಚಕ್ರ ಗುಂಡಿಗೆ ಇಳಿದು ತಳ ಕಲ್ಲಿಗೆ ಬಡಿಯಿತು. ಅಷ್ಟು ಸಾಕು.

50,000 ರೂ. ಮೀರಿದ ಹಾನಿಗೆ ಪರವಾನಗಿ ಇರುವ ಸರ್ವೇಯರ್ ಬರಬೇಕು. ಅವರು ನೋಡುವವರೆಗೆ ಕಾರು ತೊಳೆಸಬೇಡಿ, ಬಿಚ್ಚಿಸಬೇಡಿ. ರಿಪೇರಿ ಖರ್ಚು ಐಡಿವಿಯ 75 ಪ್ರತಿಶತ ಮೀರಿದರೆ ಟೋಟಲ್ ಲಾಸ್ (ಪೂರ್ತಿ ನಷ್ಟ) ಅಂತ ತೀರ್ಮಾನಿಸುತ್ತಾರೆ.

ಹಂತ 9: ಇಲ್ಲ ಅಂದರೆ

ತಿರಸ್ಕಾರ ಬಾಯಿಮಾತಿನಲ್ಲಿ ಬಂದರೆ ಒಪ್ಪಬೇಡಿ, ಕಲಂ ಸಮೇತ ಬರವಣಿಗೆಯಲ್ಲಿ ಕೇಳಿ. ಆಫ್-ರೋಡ್ ಎಂಬ ಒಂದೇ ಪದ ಬರೆದಿದ್ದರೆ ಅದು ನಿಮ್ಮ ಪಾಲಿಸಿಯ ಯಾವ ಪುಟದಲ್ಲಿದೆ ಅಂತ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಜೊತೆಗೆ ಐಆರ್‌ಡಿಎಐನ (ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆ) ಬಿಮಾ ಭರೋಸಾ ತಾಣದಲ್ಲೋ 155255ಕ್ಕೆ ಫೋನ್ ಮಾಡಿಯೋ ದೂರು ದಾಖಲಿಸಿ.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದದ್ದು ಸರಿಕಾಣದಿದ್ದರೆ, ವಿಮಾ ಒಂಬುಡ್ಸ್‌ಮನ್. ವಿಮೆಯ ದೂರು ತೀರ್ಮಾನಿಸುವ ಅಧಿಕಾರಿ ಅವರು, ಪುಣೆಯಲ್ಲೇ ಅವರ ಕಚೇರಿ ಇದೆ. ಶುಲ್ಕ ಇಲ್ಲ, ವಕೀಲರು ಬೇಡ, 50 ಲಕ್ಷ ರೂ.ವರೆಗಿನ ವಿವಾದ ನೋಡುತ್ತಾರೆ. ಕಂಪನಿ ತಿರಸ್ಕರಿಸಿದ 1 ವರ್ಷದೊಳಗೆ ಹೋಗಬೇಕು. ಗ್ರಾಹಕ ಆಯೋಗದ ದಾರಿಯೂ ಇದೆ, ಅಲ್ಲಿ ಗಡುವು 2 ವರ್ಷ. ಆದರೆ ಆಯೋಗದಲ್ಲಿ ಕೇಸು ನಡೆಯುತ್ತಿದ್ದರೆ ಒಂಬುಡ್ಸ್‌ಮನ್ ದೂರು ತಗೊಳ್ಳುವುದಿಲ್ಲ. ಆದ್ದರಿಂದ ಮೊದಲು ಒಂಬುಡ್ಸ್‌ಮನ್ ಬಳಿಗೆ ಹೋಗಿ.

ಇಷ್ಟೆಲ್ಲ ನಡೆಯುವಾಗ ಕಾರು ರಿಪೇರಿಯಾಗಿ ಹೊರಬಂದಿರುತ್ತದೆ. ಬಿಚ್ಚಿದ ಚೇಂಬರ್, ಬಾಗಿದ ಆರ್ಮ್, ಒಡೆದ ಬಂಪರನ್ನು ಗ್ಯಾರೇಜಿನವರು ಗುಜರಿಗೆ ಹಾಕದ ಹಾಗೆ ನೋಡಿಕೊಳ್ಳಿ. ಮನೆಯ ಬಾಲ್ಕನಿಯಲ್ಲಿ ಜಾಗವಿಲ್ಲ ಅಂತ ಮನೆಯವರು ಬೈದರೂ ಸರಿ, ತೀರ್ಪು ಬರುವವರೆಗೆ ಅವು ಇರಲಿ.